ಸೊಟ್ಟಗಾದ ಸುಣ್ಣದ ಗೆರೆ

ಆಲ್ಟ್‌ವೀಜೆ, ಲೌಜಿಟ್ಸ್
೯ ಜೂನ್ ೧೯೯೯, ಬುಧವಾರ

ಪ್ರೀತಿಯ ಮಗ ಫಾಲ್ಕ್,

ಹೇಗಿದ್ದೀಯಪ್ಪಾ? ಮಂಡಿಯ ಊತ ಇಳಿಯಿತೇ? ವಾರವಿಡೀ ನ್ಯೂರೆಂಬರ್ಗಿನಲ್ಲಿ ಛಾವಣಿ ಹತ್ತಿ ಹೆಂಚು ಹೊದಿಸಿ, ಮತ್ತೆ ಅಷ್ಟು ದೂರ ಕಾರು ಓಡಿಸಿಕೊಂಡು ಬಂದು ನಮ್ಮೂರ ಫುಟ್‌ಬಾಲ್ ತಂಡಕ್ಕೆ ಆಡುತ್ತೀಯಲ್ಲ, ಆ ಮಂಡಿ ಏನು ಪಾಪ ಮಾಡಿತ್ತೋ. ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನ ಕಾಲಂತೂ ನೆಲದ ಮೇಲೆ ನಿಲ್ಲುತ್ತಿಲ್ಲ. ಭಾನುವಾರ ಗೆದ್ದರೆ ಜಿಲ್ಲೆಯ ಕಟ್ಟಕಡೆಯ ದರ್ಜೆಯಿಂದ ಒಂದು ಮೆಟ್ಟಿಲು ಮೇಲಕ್ಕೆ! ಕ್ಲಬ್ಬಿನ ಅಧ್ಯಕ್ಷ ಹೆನ್ನಿಂಗ್ ಸಂಭ್ರಮಕ್ಕೆಂದು ಬಿಯರ್ ಪೀಪಾಯಿಗಳನ್ನು ಈಗಲೇ ತರಿಸಿಟ್ಟಿದ್ದಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಫೋನು ಮಾಡೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಈ ಕಾಗದ. ಮೈದಾನದಲ್ಲಿ ಕೆರೆಯ ಕಡೆಯ ಗೆರೆ ಸೊಟ್ಟಗಾಗಿದೆ, ಮಗಾ. ಅಪ್ಪ ದಾರ ಕಟ್ಟದೆ ಎಂದೂ ಸುಣ್ಣ ಎಳೆದವರಲ್ಲ, ನಿನಗೇ ಗೊತ್ತು. ಶುಕ್ರವಾರ ನೆಟ್ಟಗೆ ಎಳೆದದ್ದು, ಸೋಮವಾರ ನಾನು ಮೂಲೆಯ ಬಾವುಟ ತೆಗೆಯಲು ಹೋದಾಗ ಬಟ್ಟೆ ಒಣಹಾಕುವ ಹಗ್ಗ ಜೋತ ಹಾಗೆ ನೀರಿನ ಕಡೆಗೆ ಬಾಗಿತ್ತು. ಹುಲ್ಲು ಹಸಿರಾಗಿಯೇ ಇದೆ, ಆದರೆ ಕಾಲಿಟ್ಟರೆ ನೆಲ ಅಲುಗಾಡುತ್ತದೆ. ಕಲ್ಲಿದ್ದಲು ತೋಡಿದ ಗುಂಡಿಗೆ ನೀರು ತುಂಬಿ ಈ ಕೆರೆಯಾಗತೊಡಗಿದ ಮೇಲೆ, ಆಚೆ ದಡದ ಪೈನ್ ತೋಪು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮುಳುಗಿಹೋದದ್ದನ್ನು ನೀನೂ ನೋಡಿದವನು. ಅರ್ಧ ಪಂದ್ಯವಿಡೀ ನೀನು ಓಡುವುದು ಆ ಗೆರೆಯ ಪಕ್ಕದಲ್ಲೇ. ನನಗೆ ಭಯವಾಗುತ್ತಿದೆ.

ಅಪ್ಪನಿಗೆ ಹೇಳಿದರೆ, "ನಿನ್ ಕಣ್ಣಿಗೆ ಪೊರೆ ಬಂದಿದೆ ಕಣೇ ರೋಸ್ವಿತಾ! ನೀನು ಕೇಕ್ ಕೊಯ್ಯೋದಕ್ಕಿಂತ ನೆಟ್ಟಗಿದೆ ನನ್ ಗೆರೆ" ಎಂದು ನಕ್ಕುಬಿಟ್ಟರು. ಹೆನ್ನಿಂಗ್ ನಗಲಿಲ್ಲ. ಅತ್ತಿತ್ತ ನೋಡಿ, "ಅತ್ತಿಗೆ, ದಮ್ಮಯ್ಯ, ಬಾಯಿ ಬಿಡಬೇಡಿ. ಗಣಿ ಕಚೇರಿಯವ್ರಿಗೆ ಗೊತ್ತಾದ್ರೆ ಮೈದಾನ ಮುಚ್ಚಿಸ್ತಾರೆ, ಎದುರು ತಂಡದವ್ರ ಊರಲ್ಲೇ ಹೋಗಿ ಆಡ್ಬೇಕಾಗುತ್ತೆ. ಇದೊಂದ್ ಭಾನುವಾರ ಕಳೀಲಿ" ಎಂದ. ಅಂದರೆ ಅವನೂ ನೋಡಿದ್ದಾನೆ.

ಹಳೆಯ ಸುಣ್ಣ ಭಾನುವಾರದವರೆಗೆ ಉಳಿಯುವುದಿಲ್ಲ, ಶುಕ್ರವಾರ ಮತ್ತೆ ಎಳೆಯಲೇಬೇಕು. ಗೆರೆಯಿಲ್ಲದ ಮೈದಾನದಲ್ಲಿ ರೆಫರಿ ಸೀಟಿ ಊದುವುದಿಲ್ಲ, ಪಂದ್ಯ ಎದುರಾಳಿಗಳ ಪಾಲಾಗುತ್ತದೆ. ಹಾಗೇ ಆಗಲಿ. ಊರೆಲ್ಲ ನನಗೆ ಶಾಪ ಹಾಕಲಿ, ನೀನು ಉಳಿದರೆ ಸಾಕು.

ಹೊಟ್ಟೆ ತುಂಬ ಉಣ್ಣು. ಹಗ್ಗ ಕಟ್ಟಿಕೊಳ್ಳದೆ ಛಾವಣಿ ಹತ್ತಬೇಡ. ನಿನ್ನ ಕಾಲ ಕೆಳಗಿನ ನೆಲವನ್ನು ದೇವರು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಮ್ಮ,
ರೋಸ್ವಿತಾ

ಮರೆತ ಮಾತು: ಸುಣ್ಣ ಎಳೆಯುವ ಬಂಡಿಯನ್ನು ಬೆಳಗ್ಗೆ ನಾನೇ ತಳ್ಳಿಕೊಂಡು ಹೋಗಿ, ಯಾರೂ ಸುಳಿಯದ ಜಾಗವೆಂದು ಕೆರೆದಂಡೆಯ ಪೊದೆಯಲ್ಲಿ ಬಚ್ಚಿಟ್ಟೆ. ಅದು ಸೋರುತ್ತದೆಂಬುದು ನೆನಪೇ ಆಗಲಿಲ್ಲ. ಆ ಬಿಳಿ ಜಾಡು ಹಿಡಿದು ಅಪ್ಪ ಹುಡುಕಿಕೊಂಡು ಹೋಗಿದ್ದಾರೆ, ಬಹಳ ಹೊತ್ತಾಯಿತು. ಈಗ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಜಾಡು ಕಾಣುತ್ತಿದೆ, ಪೊದೆ ಕಾಣುತ್ತಿಲ್ಲ. ಕಾಗದವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಓಡುತ್ತಿದ್ದೇನೆ. ಏನೇ ಸುದ್ದಿ ಬಂದರೂ ನೀನು ಆ ಕಡೆ ಕಾಲಿಡಬೇಡ.