ಸೋಮವಾರದ ಮೆಸೇಜು

ಕೊಳ್ಳೇಗಾಲ, ಭಾನುವಾರ

ಶಿವನಂಜಯ್ಯನವರಿಗೆ ಕಾಲೇಜಿನ ಲೈಬ್ರರಿಯಿಂದ ಗುರುಪ್ರಕಾಶನ ನಮಸ್ಕಾರ.

ಇಪ್ಪತ್ತು ವರ್ಷ ಗ್ರಂಥಪಾಲಕನಾಗಿದ್ದ ನಾನು ನಿನ್ನೆ ಗ್ರಂಥಚೋರನಾದೆನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ನಿಮ್ಮ ಮಗಳು ಶಿವರತ್ನ ಮನೆಗೆ ಒಯ್ದಿದ್ದ ಪುಸ್ತಕ ವಾಪಸು ಬಂದಿದೆ ಎಂದು ಕೈಬರಹದ ರಿಜಿಸ್ಟರಿನಲ್ಲಿ ಸುಳ್ಳು ಬರೆದೆ. ಅದು ಕೌದಳ್ಳಿಯಲ್ಲೇ, ಅವಳ ಬ್ಯಾಗಿನಲ್ಲೇ ಇರಲಿ. ಯಾರು ಕೇಳಿದರೂ ಕೊಡಬೇಡಿ.

ಇನ್ನೊಂದು ಕೋರಿಕೆ. ಪ್ರತಿ ಸೋಮವಾರ ನಿಮ್ಮ ಫೋನಿಗೆ “ಶಿವರತ್ನ, ಪುಸ್ತಕ ಹಿಂದಿರುಗಿಸಿ” ಎಂಬ ಮೆಸೇಜು ಬರುತ್ತದೆ. ಕಳಿಸುವುದು ನಮ್ಮ ಕಂಪ್ಯೂಟರು, ಅದಕ್ಕೆ ಸಾವು ಗೊತ್ತಾಗುವುದಿಲ್ಲ. ಅವಳ ತಾಯಿ ಪುಟ್ಟಮಾದಮ್ಮನವರು ನೋಡುವ ಮೊದಲೇ ಅಳಿಸಿಬಿಡಿ.

ತಿಥಿಯ ದಿನ ನಿಮ್ಮ ಜಗಲಿಯಲ್ಲಿ ಕೂತು, ಲೈಬ್ರರಿ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಪಳಗಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಶಿವರತ್ನಳಿಗೆ ಕಂಪ್ಯೂಟರ್ ಕಲಿಸಿದ್ದೂ ನಾನೇ ಎಂದು ಎಲ್ಲರೆದುರು ಹೇಳಿದೆ. ನೀವು ಕೈಮುಗಿದಿರಿ.

ನಿಜವಾಗಿ ಕಲಿಸಿದ್ದು ಅವಳು. ಮೌಸು ಮುಟ್ಟಲು ನಾನು ಹೆದರಿದರೆ “ಇಡ್ಕಳಿ ಸಾ, ಈ ಇಲಿ ಕಚ್ಚಕಿಲ್ಲ” ಎಂದು ನಗುತ್ತಿದ್ದಳು. ಅಂಥ ಮೆಸೇಜು ನಿಲ್ಲಿಸುವುದು ಹೇಗೆಂದು ಕೇಳಿದ್ದೆ. “ಮುಂದಿನ್ ವಾರ ಯೇಳ್ಕೊಡ್ತೀನಿ ಸಾ” ಅಂದಿದ್ದಳು.

ನನಗೆ ನಿಲ್ಲಿಸಲು ಬರುವುದಿಲ್ಲ. ನಾಳೆ ಸೋಮವಾರ.

ಇಂತಿ, ನಿಮ್ಮ ಮಗಳ ವಿದ್ಯಾರ್ಥಿ,
ಗುರುಪ್ರಕಾಶ್