ಒಳಗೆ ಬಂದ ಹಲಗಿ

ಜೂನ್ 9, 2025, ಸೋಮವಾರ
ಹತ್ತಕ್ಕೆ ಗ್ರಂಥಾಲಯ ತೆರೆದೆ. ಪೇಪರುಗಳಿಗೆ ಸೀಲು ಹೊಡೆದೆ, ಎರಡು ಕನ್ನಡ, ಒಂದು ಮರಾಠಿ. ರಾಯಬಾಗ ಬಸ್ಸಿಗೆ ಕಾಯುವವರು ಫ್ಯಾನಿನ ಕೆಳಗೆ ಕೂತು ನಿದ್ದೆ ಮಾಡಿದರು. ಮಾಡಲಿ. ಪಂಚಾಯಿತಿ ಕೊಡುವುದು ಪುಸ್ತಕ, ಫ್ಯಾನು ಎರಡನ್ನೂ.

ಹನ್ನೆರಡಕ್ಕೆ ಪೋಸ್ಟ್. ಬೆಳಗಾವಿಯಿಂದ, ಸಂಸ್ಕೃತಿ ಇಲಾಖೆಯ ಲಕೋಟೆ. ನಮ್ಮೂರ ಶಾಲೆಯ ಮಕ್ಕಳಿಗೆ ನಾಲ್ಕು ತಿಂಗಳ ಹಲಗಿ ಬಾರಿಸುವ ತರಬೇತಿ ಮಂಜೂರು. ಹಲಗಿಗಳೂ ಸರ್ಕಾರದ್ದೇ, ಗುರುವಿನ ಗೌರವಧನವೂ ಸರ್ಕಾರದ್ದೇ. ಗುರು: ಶ್ರೀ ಭರಮು ಕಾಂಬಳೆ. ತಿಂಗಳೊಳಗೆ ಅವರ ಒಪ್ಪಿಗೆ ಪತ್ರ ಕಳಿಸಬೇಕು.

ಭರಮು ಕಾಂಬಳೆ ನನ್ನ ಅಪ್ಪ. ಅರ್ಜಿ ಬರೆದವಳು ನಾನು. ಅಪ್ಪನಿಗೆ ಹೇಳಿಲ್ಲ.

ಅದೇ ದಿನ, ಸಂಜೆ 7
ಹೇಳಿದೆ. ಅಪ್ಪ ಆಗಷ್ಟೇ ಕೆಲಸದಿಂದ ಬಂದು ಕೈಯ ಸಿಮೆಂಟು ತಿಕ್ಕಿ ತೊಳೆಯುತ್ತಿದ್ದ.

“ಊರು ಕರದ್ರೂ ಹಲಗಿ ಬಡಿ ಅಂತಿತ್ತು, ಸರ್ಕಾರ ಕರದ್ರೂ ಹಲಗಿ ಬಡಿ ಅಂತೈತಿ. ಏನ್ ಫರಕ್ ಐತಿ ಹೇಳ.”

“ಬಡಿ ಅಂದಿಲ್ಲ ಅಪ್ಪಾ. ಕಲಸು ಅಂದೈತಿ.”

“ಯಾರ ಮಕ್ಕಳಿಗಿ?”

“ಎಲ್ಲಾರ ಮಕ್ಕಳಿಗಿ.”

ನಕ್ಕ. ಚಲೋ ನಗು ಅಲ್ಲ ಅದು. “ಎಲ್ಲಾರ ಮಕ್ಕಳು ಹಲಗಿ ಮುಟ್ಟತಾವೇನ?”

ಊಟಕ್ಕೆ ಕೂರಲಿಲ್ಲ. ಅವ್ವ ಅವನ ತಾಟು ಮುಚ್ಚಿಟ್ಟಳು.

ಜೂನ್ 14
ಐದು ದಿನದಿಂದ ಅಪ್ಪ ನನ್ನ ಜೊತೆ ಮಾತಾಡಿಲ್ಲ.

ಬರೆದಿಡಬೇಕು ಅನಿಸಿತು. ಇಪ್ಪತ್ತೇಳು ವರ್ಷದ ಹಿಂದಿನದು. ನನಗಾಗ ನಾಲ್ಕು, ಅವ್ವ ಹೇಳಿ ಗೊತ್ತು. ಊರ ದೊಡ್ಡ ಮನೆಯ ಸತ್ಯಪ್ಪನವರ ತಂದೆ ತೀರಿದ್ದರು. ಬೆಳಿಗ್ಗೆಯಿಂದ ಅಪ್ಪ ಹೆಣದ ಮುಂದೆ ಹಲಗಿ ಬಾರಿಸಿದ. ಮಟಮಟ ಮಧ್ಯಾಹ್ನ ನೀರು ಕೇಳಿದ. ಎಲ್ಲರದೂ ಆಗಲಿ, ತಡಿ, ಅಂದರು. ಅಪ್ಪ ಹಲಗಿಯನ್ನು ದಾರಿಯ ಮಧ್ಯೆ ಇಟ್ಟು ಮನೆಗೆ ನಡೆದುಬಿಟ್ಟ. ಸಂಜೆ ನಾಲ್ಕು ಜನ ಬಂದರು, ಹಲಗಿಯನ್ನು ನಮ್ಮ ಅಂಗಳಕ್ಕೆ ಎಸೆದು ಅಪ್ಪನನ್ನು ಹೊಡೆದರು. ಅಪ್ಪನ ಎಡಗೈ ಇವತ್ತಿಗೂ ಭುಜದ ಮೇಲೆ ಏಳುವುದಿಲ್ಲ.

ವಾಸಿಯಾದ ಮೇಲೆ ಕುಡಚಿ ಸೇತುವೆಯಿಂದ ಹಲಗಿಯನ್ನು ಕೃಷ್ಣೆಗೆ ಎಸೆದ. ಬಿಳಿ ಬಟ್ಟೆ ಹಾಕಿ ಬುದ್ಧನ ದೀಕ್ಷೆ ತೆಗೆದುಕೊಂಡ. ಗೌಂಡಿ ಕೆಲಸ ಕಲಿತ. ಮನೆಯಲ್ಲಿ ಹಲಗಿಯ ಮಾತೇ ಇಲ್ಲ.

ಆದರೆ ಸಿಮೆಂಟ್ ಪುಟ್ಟಿ ಖಾಲಿಯಾದಾಗ ಅದರ ಅಂಚಿನ ಮೇಲೆ ಬೆರಳು ಆಡುತ್ತವೆ. ಯಾರೂ ಇಲ್ಲ ಅಂದುಕೊಂಡಾಗ. ನಾನು ಎಷ್ಟೋ ಸಲ ಕೇಳಿದ್ದೇನೆ. ಅರ್ಜಿ ಬರೆದದ್ದು ಅದಕ್ಕೆ. ತಪ್ಪು ಮಾಡಿದೆನೋ...

ಜೂನ್ 29, ಭಾನುವಾರ
ಅಪ್ಪ ತಾನೇ ಕರೆದ. “ಪೆನ್ ತಗೋ. ಹಿಂಗ ಬರಿ.”

ಬರೆದೆ. ಕ್ಲಾಸು ಶಾಲೆಯ ಹಾಲ್ ಒಳಗೆ ನಡೆಯಬೇಕು, ಅಂಗಳದಲ್ಲಿ ಅಲ್ಲ. ಗುರುವಿಗೆ ಕುರ್ಚಿ. ತನ್ನ ಹಲಗಿಯನ್ನು ತಾನೇ ಬೆಂಕಿಗೆ ಕಾಸಿಕೊಳ್ಳಬೇಕು, ತಾನೇ ಹೊರಬೇಕು, ಯಾರ ಮನೆಯ ಮಗುವೇ ಇರಲಿ. ಹೆಣದ ಮುಂದೆ ಇಲ್ಲ, ಮೆರವಣಿಗೆಯ ಮುಂದೆ ಇಲ್ಲ.

“ಮತ್ತ... ಏ ಭರಮ್ಯಾ ಅನ್ನವ್ರ ಮಕ್ಕಳಿಗಿ ಕಲಸಂಗಿಲ್ಲ.”

“ಮಕ್ಕಳು ಏನ್ ಮಾಡ್ಯಾವ ಅಪ್ಪಾ?”

ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟ. “ಅದೊಂದ್ ಕಾಟ್ ಹೊಡಿ,” ಎಂದ. ಗೆರೆ ಎಳೆದೆ. ಆಮೇಲೆ ಅಪ್ಪ ಸಹಿ ಮಾಡಿದ. ಪೂರ್ತಿ ಹೆಸರು, ಬಿಡಿ ಬಿಡಿ ಅಕ್ಷರ.

ಜುಲೈ 11
ಇಲಾಖೆಯ ಮೇಡಂ ಖುದ್ದು ಬಂದರು. ಪತ್ರ ಓದಿದರು. “ಇವು ಷರತ್ತಲ್ಲರಿ ಭರಮು ಅವ್ರ. ಯಾವ ಕ್ಲಾಸ್ ಆದ್ರೂ ಹಿಂಗ ನಡೀಬೇಕು.”

ಅವ್ವ ಚಹಾ ಕೊಟ್ಟಳು. ಅವರು ಕುಡಿಯುತ್ತಾರೋ ಇಲ್ಲವೋ ಎಂದು ಅಪ್ಪ ಕಪ್ಪನ್ನೇ ನೋಡುತ್ತಿದ್ದ. ಕುಡಿದರು. ಇನ್ನರ್ಧ ಕೇಳಿದರು.

ಆಗಸ್ಟ್ 4, ಸೋಮವಾರ
ಟೆಂಪೋದಲ್ಲಿ ಇಪ್ಪತ್ತೆರಡು ಹಲಗಿ ಬಂದವು. ಹೆಸರು ಕೊಟ್ಟ ಮಕ್ಕಳೂ ಇಪ್ಪತ್ತೆರಡು. ಬಂದದ್ದು ಏಳು. ಏಳೂ ನಮ್ಮ ಓಣಿಯವು.

ಅಪ್ಪ ಉಳಿದ ಹದಿನೈದು ಹಲಗಿಗಳನ್ನು ಗೋಡೆಗೆ ಸಾಲಾಗಿ ಇಡಿಸಿದ. “ಇರಲಿ. ಜಾಗಾ ಖಾಲಿ ಐತಿ ಅಂತ ಕಾಣಬೇಕು.”

ಹಾಲ್‌ನಲ್ಲಿ ಒಂದು ಕೊಡ, ಒಂದು ಲೋಟ. ಮೊದಲು ಎಲ್ಲರೂ ನೀರು ಕುಡಿಯಬೇಕು, ಆಮೇಲೆ ಪಾಠ. ಯಾಕೆಂದು ಮಕ್ಕಳಿಗೆ ಗೊತ್ತಿಲ್ಲ. ಅಂಗಳದಲ್ಲಿ ಕಬ್ಬಿನ ರವದಿಗೆ, ಒಣಗರಿಗೆ, ಬೆಂಕಿ ಹಚ್ಚಿ ಚರ್ಮ ಕಾಸಿದರು. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಕಡ್ಡಿ. ಅಪ್ಪ ಒಂದು ಪೆಟ್ಟು ಹೊಡೆದ, ಒಂದೇ. ನಾನು ಹೊರಗೆ ಬಂದು ನಿಂತೆ. ಅಳು ಬಂತು ಅಂತ ಬರೆಯಲೇ? ಬಂತು.

ಆಗಸ್ಟ್ 21
ಹೋದ ವಾರ ಬಳೆ ಮಾರುವ ರಾಜೇಸಾಬ ಕಾಕಾ ಮಗಳು ಫರಹೀನಳನ್ನು ಕರೆದುಕೊಂಡು ಬಂದರು. ಶಾಲೆಯಲ್ಲಿ ಎಂಟನೆಯ ಇಯತ್ತೆ. “ಮನ್ಯಾನ ಡಬ್ಬಿ ಎಲ್ಲಾ ಬಡ್ದು ಸೊಟ್ಟ ಮಾಡ್ಯಾಳ್ರಿ. ಇನ್ ಇಲ್ಲೇ ಬಡೀಲಿ.”

ಆಮೇಲೆ ಬಾಗಿಲು ತೆರೆದಂತಾಯಿತು. ಇವತ್ತಿಗೆ ಹದಿನೆಂಟು. ನಿನ್ನೆಯಿಂದ ಅಪೂರ್ವ ಕೂಡ — ಪಂಚಾಯಿತಿ ಅಧ್ಯಕ್ಷ ಸತ್ಯಪ್ಪನವರ ಮೊಮ್ಮಗಳು. ಅದೇ ಸತ್ಯಪ್ಪ. ಅಪ್ಪ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ನೋಡಿದ, ಅವಳನ್ನು ನೋಡಿದ. “ನೀರ್ ಕುಡಿದಿ?” ಎಂದ. “ಹೂಂನ್ರಿ ಸರ್.” “ಹಂಗಾರ ಹಲಗಿ ತಗೋ.”

ಸೆಪ್ಟೆಂಬರ್ 17
ಸತ್ಯಪ್ಪನವರು ಗ್ರಂಥಾಲಯಕ್ಕೇ ಬಂದರು. ಮೊದಲ ಸಲ.

“ಇಪ್ಪತ್ತೆಂಟಕ್ಕ ನಮ್ಮ ಎಮ್ಮೆಲ್ಲೆ ಸಾಹೇಬ್ರು ಬರಾಕತ್ತಾರ. ಓಪನ್ ಜೀಪ್ ಮುಂದ ನಿಮ್ಮ ಹಲಗಿ ತಂಡ ಇರಬೇಕ್ ನೋಡ. ನಿಮ್ಮಪ್ಪಗ ಹೇಳ.”

“ಮೆರವಣಗಿಗಿ ಬಾರಸಂಗಿಲ್ರಿ. ಬರವಣಗ್ಯಾಗ ಐತಿ.”

“ಹಂಗಾರ ಸರ್ಕಾರ ಕಲಸಿದ್ಯಾಕ? ಗಟಾರಕ್ಕ ಅನುದಾನ ಇಲ್ಲ, ಹಲಗಿಗಿ ಐತಿ. ಊರಿಗಿ ಏನ್ ಬಂತು ಇದರಿಂದ?”

“ಗಟಾರನೂ ಬೇಕ್ರಿ. ಅದಕ್ಕೂ ನಾನ ಅರ್ಜಿ ಬರದೇನಿ. ಊರಿಗಿ ಏನ್ ಬಂತು ಅಂದ್ರಿ? ನಾಕೂ ಓಣಿ ಹುಡುಗ್ರು ಒಂದ ಕೊಡದಾನ ನೀರು ಕುಡ್ಯಾಕತ್ತಾವ್ರಿ. ನಿಮ್ಮ ಅಪೂರ್ವನೂ ಕುಡೀತಾಳ. ಯಾವ ಗಟಾರದಿಂದ ಅದು ಬರತಿತ್ತು ಹೇಳ್ರಿ.”

ಅವರ ಮುಖ ನೋಡಿದಾಗ ತಿಳಿಯಿತು. ಹುಡುಗಿ ಟ್ಯೂಷನ್ ಅಂತ ಹೇಳಿ ಬರುತ್ತಿದ್ದಳು. ನಾನು ಹೇಳಿಬಿಟ್ಟೆ. ಗೆಲ್ಲುವ ಅವಸರದಲ್ಲಿ ಮಗುವನ್ನು ಸಿಕ್ಕಿಸಿದೆ. ಛೇ.

ಸೆಪ್ಟೆಂಬರ್ 19
ಅಪೂರ್ವ ಎರಡು ದಿನದಿಂದ ಇಲ್ಲ. ಇವತ್ತು ಶಾಲೆಯ ಹಾಲ್‌ಗೆ ಬೀಗ. ಕೀಲಿ ಅಧ್ಯಕ್ಷರ ಬಳಿ ಇದೆಯಂತೆ, ರಿಪೇರಿಯಂತೆ. ಹೆಡ್‌ಮೇಡಂ ನನ್ನ ಕಣ್ಣು ತಪ್ಪಿಸಿದರು.

ಯಾರೋ ಹೇಳಿದರು: ಮರದ ಕೆಳಗೆ ಕಲಿಸಬಹುದಲ್ಲ, ಗಾಳಿ ಬರುತ್ತದೆ. ಅಪ್ಪ ಮೆಟ್ಟಿಲ ಮೇಲೆ ನಿಂತೇ ಇದ್ದ. “ಹೊರಗ ಕಲಸಂಗಿಲ್ರಿ. ಹೊರಗ ಭಾಳ ವರ್ಷ ಬಾರಿಸೇನಿ.”

ಮಕ್ಕಳು ಹಲಗಿ ಎದೆಗೊತ್ತಿಕೊಂಡು ನಿಂತಿದ್ದರು. ಗ್ರಂಥಾಲಯದ ಕೀಲಿ ನನ್ನ ಕೈಯಲ್ಲೇ ಇತ್ತು. ಕಪಾಟುಗಳನ್ನು ಗೋಡೆಗೆ ಸರಿಸಿದೆವು. “ಮೌನವಾಗಿರಿ” ಬೋರ್ಡು ಇಳಿಸಿದೆ. ಸಂಜೆ ಐದರಿಂದ ಆರೂವರೆ — ಓದುವವರು ಆ ಹೊತ್ತಿಗೆ ಯಾರೂ ಬರುವುದಿಲ್ಲ. ಬಂದರೆ ಕೇಳಲಿ.

ಕಿಟಕಿಯ ಗಾಜು ಅದುರಿದವು. ಅಪ್ಪನಿಗೆ ನನ್ನ ಕುರ್ಚಿ ಕೊಟ್ಟೆ.

ಸೆಪ್ಟೆಂಬರ್ 24
ನೋಟಿಸ್. ಗ್ರಂಥಾಲಯದ ದುರ್ಬಳಕೆ, ಗದ್ದಲ, ಶಿಸ್ತುಕ್ರಮ ಏಕೆ ಜರುಗಿಸಬಾರದು. ಕೆಳಗೆ ಸತ್ಯಪ್ಪನವರ ಸಹಿ. ಅವ್ವ ಹೆದರಿದಳು. “ನೌಕರಿ ಹೋದ್ರ?” ಅಪ್ಪ ಕೇಳಿಸಿಕೊಂಡ. “ನಾ ಬಿಟ್ಟ್ ಬಿಡಲೇನವಾ?” ಎಂದ ನನಗೆ, ಮೆಲ್ಲಗೆ.

“ಬಿಡಬ್ಯಾಡ. ಬಿಟ್ಟ್ರ ನಾ ಮಾತಾಡಂಗಿಲ್ಲ.”

ಉತ್ತರ ಬರೆದೆ. ಒಂದು ಪ್ರತಿ ಇಲಾಖೆಗೆ. ಜೂನ್‌ನಿಂದ ಇವತ್ತಿನವರೆಗೆ ಗ್ರಂಥಾಲಯಕ್ಕೆ ಸೇರಿದ ಹೊಸ ಮಕ್ಕಳ ಹೆಸರುಗಳನ್ನು ಜೊತೆಗಿಟ್ಟೆ. ಎರಡು ಪುಟ ಆಯಿತು. ಹಲಗಿಗೆ ಬಂದವರು ಪುಸ್ತಕ ಒಯ್ಯುತ್ತಿದ್ದಾರೆ.

ಸೆಪ್ಟೆಂಬರ್ 28, ಭಾನುವಾರ
ಸಾಹೇಬರು ಬಂದರು. ಜೀಪಿನ ಮುಂದೆ ನಿಪ್ಪಾಣಿಯ ಡಿಜೆ. ನಾವು ಗ್ರಂಥಾಲಯದ ಒಳಗೆ ಪಾಠದಲ್ಲಿ. ಡಿಜೆ ಎದುರು ನಮ್ಮದು ಏನೂ ಕೇಳದು. ಅಪ್ಪ ಕೈ ತೋರಿಸಿ ಲೆಕ್ಕ ಹಿಡಿಸಿದ, ನಿಲ್ಲಿಸಲಿಲ್ಲ.

ಬಾಗಿಲು ಬಡಿದ ಸದ್ದು. ಅಪೂರ್ವ. ಪಟ್ಟೆ ಲಂಗ, ತಲೆ ತುಂಬ ಹೂವು. ವೇದಿಕೆಯ ಮೇಲೆ ಸಾಹೇಬರಿಗೆ ಹಾರ ಕೊಡಬೇಕಿದ್ದವಳು. ಕೊಟ್ಟು ಇಳಿದು ಬಂದಿದ್ದಳು.

ನಾನು, “ನನ್ನಿಂದ ತಪ್ಪಾತವಾ,” ಅಂದೆ.

“ಇರಲಿ ಬಿಡ್ರಿ ಅಕ್ಕಾ. ಅಜ್ಜಾಗ ಹೇಳೇ ಬಂದೇನಿ ಈ ಸಲ.”

“ಏನಂದ್ರು?”

“ಬೈದ್ರು. ಅವ್ವ ಹೋಗ ಅಂದ್ಲು.”

ಅಕ್ಟೋಬರ್ 14
ಇಲಾಖೆಯ ಮೇಡಂ ಬಂದು ಪಂಚನಾಮೆ ಮಾಡಿದರು. ಹಾಲ್‌ನಲ್ಲಿ ಯಾವ ರಿಪೇರಿಯೂ ಇಲ್ಲ. ಬೀಗ ತೆರೆಯಿತು. ನೋಟಿಸ್ ಮಾತ್ರ ಹಾಗೇ ಇದೆ. ಇರಲಿ.

ನವೆಂಬರ್ 16, ಭಾನುವಾರ
ಚಿಕ್ಕೋಡಿ. ತರಬೇತಿಯ ಕೊನೆಯ ಪ್ರದರ್ಶನ. ಇಪ್ಪತ್ತೊಂದು ಮಕ್ಕಳು, ಎರಡು ಟ್ರ್ಯಾಕ್ಸ್ ಗಾಡಿ. ಅಪೂರ್ವಳ ತಾಯಿ ದಶಮಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಜೊತೆಗೆ ಬಂದರು. ರಾಜೇಸಾಬ ಕಾಕಾ ಅಂಗಡಿ ಮುಚ್ಚಿ ಬಂದರು.

ಸಂಘಟಕರಲ್ಲೊಬ್ಬ ಓಡಿ ಬಂದ. “ಅತಿಥಿಗಳು ಗೇಟಿಗೆ ಬಂದಾರ. ಹಲಗಿಯವ್ರು ಬರ್ರಿ ಲಗೂ, ಬಾರಿಸ್ಕೋತ ಒಳಗ ಕರಕೊಂಡ ಬರ್ರಿ.”

ಅಪ್ಪ ಕುರ್ಚಿಯಿಂದ ಏಳಲಿಲ್ಲ. ಮಕ್ಕಳೆಲ್ಲ ಅವನನ್ನು ನೋಡಿದರು. ನಾನು ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಫರಹೀನ ಮುಂದೆ ಬಂದಳು.

“ನಾವು ಕಾರ್ಯಕ್ರಮದವ್ರದೇವ್ರಿ. ಅವ್ರು ಬಂದ್ ಕುಂಡ್ರಲಿ. ಆಮ್ಯಾಲ ಬಾರಸ್ತೇವ್ರಿ.”

ಆ ಮನುಷ್ಯ ಅಪ್ಪನ ಕಡೆ ತಿರುಗಿದ. “ಏನ್ರಿ ಇದು?”

“ಸರಿ ಹೇಳ್ಯಾಳ್ರಿ,” ಅಂದ ಅಪ್ಪ. ಅಷ್ಟೇ.

ಅತಿಥಿಗಳು ಸುಮ್ಮನೆ ನಡೆದು ಬಂದು ಕೂತರು. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ. ಆಮೇಲೆ ಮೈಕಿನಲ್ಲಿ, “ಗುರುಗಳಾದ ಭರಮು ಕಾಂಬಳೆಯವರು ಮತ್ತು ಶಿಷ್ಯವೃಂದ.” ಹದಿನೈದು ನಿಮಿಷ ಬಾರಿಸಿದರು. ಅಪ್ಪ ಮಧ್ಯದಲ್ಲಿ, ಕೂತೇ. ಮುಗಿದಾಗ ಮೊದಲು ಎದ್ದು ನಿಂತವರು ಹಿಂದಿನ ಸಾಲಿನ ಹೆಂಗಸರು. ಅವ್ವ ಚಪ್ಪಾಳೆ ಹೊಡೆಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ನವೆಂಬರ್ 18, ಬೆಳಿಗ್ಗೆ 11
ಪಂಚಾಯಿತಿ ಕಚೇರಿಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಹನ್ನೊಂದೂವರೆಗೆ ನೋಟಿಸಿನ ವಿಚಾರಣೆ. ಎರಡನೆಯ ಬ್ಯಾಚಿಗೆ ಇಲಾಖೆ ಒಪ್ಪಿದೆ, ಪತ್ರ ಚೀಲದಲ್ಲಿದೆ. ಅದನ್ನು ಮೊದಲು ಮೇಜಿನ ಮೇಲೆ ಇಡಬೇಕು.

ಒಬ್ಬಳೇ ಬಂದಿದ್ದೆ. ಈಗ ಅಪ್ಪ ಬಂದು ಪಕ್ಕದಲ್ಲಿ ಕೂತಿದ್ದಾನೆ, ಇಸ್ತ್ರಿ ಮಾಡಿದ ಅಂಗಿ. ರಾಜೇಸಾಬ ಕಾಕಾ ಬಂದರು. ಅಪೂರ್ವಳ ತಾಯಿಯೂ ಬಂದರು — ಒಳಗೆ ಅವರ ಮಾವನೇ ಕೂತಿದ್ದಾರೆ, ಆದರೂ. ಯಾರನ್ನೂ ನಾನು ಕರೆದಿಲ್ಲ. ಜವಾನ ಎಲ್ಲರಿಗೂ ಹೊರಗೇ ಇರಿ ಅಂದ. ಅಪ್ಪ ಅಂದ, “ಯಾಕ? ಒಳಗ ಜಾಗಾ ಐತಲ್ಲ.”

ನನ್ನ ಹೆಸರು ಕರೆದರು. ಎಲ್ಲರೂ ಎದ್ದರು. ಕೇಳಿದರೆ ಹೇಳುವುದು ಇಷ್ಟೇ — ಹೌದು, ಗ್ರಂಥಾಲಯದಲ್ಲಿ ಹಲಗಿ ಬಾರಿಸಿದ್ದೇವೆ, ಬೀಗ ಹಾಕಿದರೆ ನಾಳೆಯೂ ಬಾರಿಸುತ್ತೇವೆ.