ಎತ್ತಿಕೊಳ್ಳುವ ಪಾಳಿ

ನಾಸಿಕ
11 ಜನವರಿ 1969

ಪ್ರೀತಿಯ ಮಲ್ಲಮ್ಮತ್ತೆಯವರಿಗೆ ನಿಮ್ಮ ನಾದಿನಿಯ ಮಗಳು ಸಂಗಮ್ಮ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಬಹಳ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಬೈಯಬೇಡಿ. ಟಪಾಲು ತಡವಾಗುತ್ತದೆಂದು, ಇವತ್ತೇ ಔರಂಗಾಬಾದಿಗೆ ಹೊರಟಿರುವ ಉಡುಪಿ ಹೋಟೆಲಿನ ಉಮಾನಾಥಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ.

ಗುರುಲಿಂಗಪ್ಪ ಮಾವನಿಗೆ ಸೋಮವಾರದಿಂದ ಜ್ವರ. ಮಿಲಿಟರಿ ಡಾಕ್ಟರ್ ಕೆಲಸ ಬಿಟ್ಟ ಮೇಲೆ ಅವರು ಯುದ್ಧಗಳ ಇತಿಹಾಸ ಬರೆಯುತ್ತ ಕೂತದ್ದು ನಿಮಗೆ ಗೊತ್ತೇ ಇದೆ. ಹಳೆಯ ರಾಜರ ಯುದ್ಧಗಳನ್ನೆಲ್ಲ ಬರೆದು ಮುಗಿಸಿದರು. ತಾವೇ ಇದ್ದ ಚೀನಾ ಯುದ್ಧಕ್ಕೆ ಬಂದಾಗ ಬರವಣಿಗೆ ನಿಂತಿತು, ಊಟವೂ ನಿಂತಿತು.

ಮೊನ್ನೆ ಜ್ವರ ಏರಿದಾಗ ಹೆದರಿ, ದೇವರ ಜಗುಲಿಯ ವಿಭೂತಿ ತಂದು ಅವರ ಹಣೆಗೆ ಹಚ್ಚಿದೆ. ನಮ್ಮ ಮನೆಗಳಲ್ಲಿ ಯಾರಾದರೂ ಮಾಡುವುದೇ ತಾನೆ? ಮಾವ ಹಣೆ ಮುಟ್ಟಿ ಬೆರಳು ನೋಡಿಕೊಂಡರು. ಮಂಚದಿಂದ ಇಳಿದು ಗೋಡೆ ಬದಿಗೆ ಬರಿ ನೆಲದ ಮೇಲೆ ಮಲಗಿಬಿಟ್ಟರು. "ನನ್ನ ಬಿಡ್ರಿ. ಮುಂದಿನಾಂವನ್ನ ಎತ್ತಿಕೋರಿ" ಅಂದರು.

ಆಮೇಲೆ ತಡೆತಡೆದು ಹೇಳಿದರು. ಹಿಮದಲ್ಲಿ ಹಿಂದೆ ಸರಿಯುವಾಗ ಗಾಯದವರು ಬಹಳ, ಹೊರುವವರು ಕಡಿಮೆಯಂತೆ. ಹೊತ್ತರೂ ಉಳಿಯದವರಿಗೆ ಗುರುತು ಮಾಡಬೇಕಿತ್ತಂತೆ. ಜೇಬಿನಲ್ಲಿ ಇದ್ದದ್ದು ಅಜ್ಜಿ ಕೊಟ್ಟ ವಿಭೂತಿ ಗಟ್ಟಿ ಮಾತ್ರ. ಅದನ್ನೇ ಹಣೆಗೆ ಹಚ್ಚಿ ಬಿಟ್ಟು ಬಂದರಂತೆ. "ಒಬ್ಬಾಂವ ನನಗ ಕೈ ಮುಗದ, ಸಂಗಿ. ಪ್ರಸಾದ ಅಂತ ತಿಳಕೊಂಡ" ಅಂದರು.

ಯುದ್ಧದಿಂದ ಬಂದ ಮೇಲೆ ಮಾವ ವಿಭೂತಿ ಹಚ್ಚುವುದಿಲ್ಲ, ಧರ್ಮ ಬಿಟ್ಟರು ಎಂದು ಜಗಳವಾಡಿ ನೀವು ಔರಂಗಾಬಾದಿನ ತವರಿಗೆ ಹೋದಿರಿ. ಕಾರಣ ಇದು, ಅತ್ತೆ.

ಹಣೆ ಒರೆಸಿದೆ. ಆದರೂ ಗುಳಿಗೆ ನುಂಗಲಿಲ್ಲ. ನಿನ್ನೆ ರಾತ್ರಿ ಡಾಕ್ಟರನ್ನು ಕರೆಸಿದರೆ, ಯಾರೂ ಇಲ್ಲದ ಬಾಗಿಲ ಕಡೆ ಕೈ ತೋರಿಸಿ, "ಮೊದಲ ಅವರನ್ನ ನೋಡ್ರಿ" ಅಂದರು. ಪಕ್ಕದ ಮನೆಯ ಸುಶೀಲಾಬಾಯಿ "ಕಾಯ್ ಗ ಪೋರಿ, ಏನೇ ಇದು, ಡಾಕ್ಟರಿಗೇ ಡಾಕ್ಟರ್ ಬೇಡವಂತೆ!" ಎಂದು ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದೆಗೆ ಕಫ ಇಳಿದಿದೆ, ಇನ್ನೊಂದು ರಾತ್ರಿ ತಣ್ಣನೆಯ ನೆಲದಲ್ಲಿ ಮಲಗಿದರೆ ಕಷ್ಟ ಎಂದು ಡಾಕ್ಟರ್ ಹೇಳಿಹೋದರು. ಆಗಿನಿಂದ ಅವರ ಉಸಿರು ಎಣಿಸುತ್ತ ಕೂತಿದ್ದೆ.

ಇವತ್ತು ಬೆಳಿಗ್ಗೆ ಪಕ್ಕದಲ್ಲಿ ಕಂಬಳಿ ಹಾಸಿ, "ಮಾವಾ, ಎಲ್ಲಾರನ್ನೂ ಒಯ್ದಾತರಿ. ಈಗ ನಿಮ್ಮ ಪಾಳಿ" ಅಂದೆ. ಮಾವ ತಾವೇ ಕಂಬಳಿಯ ಮೇಲೆ ಹೊರಳಿದರು. ನಾನು ತಲೆಯ ಕಡೆ, ಸುಶೀಲಾಬಾಯಿ ಕಾಲ ಕಡೆ ಹಿಡಿದು ಮಂಚದ ಮೇಲೆ ಮಲಗಿಸಿದೆವು.

ನಿಮ್ಮ
ಸಂಗಮ್ಮ

ತಾ.ಕ.: ಎತ್ತುವಾಗ ಮಾವ ಕಣ್ಣು ಮುಚ್ಚಿಕೊಂಡೇ, ಕಾಲ ಕಡೆ ಯಾರು ಎಂದು ಕೇಳಿದರು. ಮಲ್ಲಮ್ಮತ್ತೆ ಎಂದುಬಿಟ್ಟೆ. ಆಮೇಲೆ ಗುಳಿಗೆ ನುಂಗಿದರು. ಈಗ ನಿದ್ದೆ ಬಂದಿದೆ. ಅವರು ಕಣ್ಣು ತೆರೆಯುವುದರೊಳಗೆ ಬಂದುಬಿಡಿ.